ಸೋತ ಮರುದಿನ ಏನು ನೋಡಬೇಕು? ಫುಟ್‌ಬಾಲ್ ಮತ್ತು ಬೇಸ್‌ಬಾಲ್ ಮ್ಯಾನೇಜರ್ ಆಟಗಳ ಒಳಗಿನ ಲೆಕ್ಕ

ನಿಮ್ಮ ತಂಡ ರಾತ್ರಿ ಸೋತಿದೆ ಅಂದುಕೊಳ್ಳಿ. ಬೆಳಿಗ್ಗೆ ಲಾಗಿನ್ ಆಗಿ ಪಂದ್ಯದ ವರದಿ ತೆರೆಯುತ್ತೀರಿ. ಅದು ಫುಟ್‌ಬಾಲ್ ಆಟವಾದರೆ ಕೇಳಬೇಕಾದ ಪ್ರಶ್ನೆ ಒಂದು: ಎದುರಾಳಿಗೆ ಜಾಗ ಸಿಕ್ಕಿದ್ದು ಎಲ್ಲಿ? ಎಡಗಡೆಯಿಂದ ಮೂರು ಸಲ ನುಗ್ಗಿದರಾ, ನಮ್ಮ ಮಿಡ್‌ಫೀಲ್ಡ್ ಸೋತಿತಾ, ಅವಕಾಶಗಳೇ ಹುಟ್ಟಲಿಲ್ಲವಾ? ಅದೇ ಬೇಸ್‌ಬಾಲ್ ಆಟವಾದರೆ, ನಿಜ ಹೇಳಬೇಕೆಂದರೆ, ಒಂದು ಪಂದ್ಯದ ವರದಿಯಲ್ಲಿ ಹುಡುಕುವಂಥದ್ದು ಜಾಸ್ತಿ ಇರುವುದಿಲ್ಲ. ಪಿಚರ್ ಎಷ್ಟು ಎಸೆತ ಎಸೆದ, ಯಾರಿಗಾದರೂ ಗಾಯ ಆಯಿತಾ, ನಾಳೆ ಯಾರು ಎಸೆಯಬೇಕು, ಅಷ್ಟು ನೋಡಿ ಮುಂದಕ್ಕೆ ಹೋಗಬೇಕು.

ಎರಡೂ ಆಟಗಳಲ್ಲಿ ನಿಮ್ಮ ಕೆಲಸದ ಹೆಸರು ಒಂದೇ, ಮ್ಯಾನೇಜರ್. ಎರಡರಲ್ಲೂ ಚೆಂಡನ್ನು ನೀವು ಮುಟ್ಟುವುದಿಲ್ಲ. ಆಟಗಾರರನ್ನು ಕೊಳ್ಳುತ್ತೀರಿ, ತರಬೇತಿ ಕೊಡುತ್ತೀರಿ, ಯಾರು ಎಲ್ಲಿ ಆಡಬೇಕು ಅಂತ ಹೇಳುತ್ತೀರಿ. ಆಮೇಲೆ ಕಂಪ್ಯೂಟರ್ ಒಳಗಿನ ಮ್ಯಾಚ್ ಇಂಜಿನ್ ಪಂದ್ಯ ಆಡಿಸಿ ಫಲಿತಾಂಶ ಕೊಡುತ್ತದೆ. ಹೊರಗಿನಿಂದ ನೋಡಿದರೆ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಆದರೆ ಒಂದರಲ್ಲಿ ಗೆದ್ದು ಅಭ್ಯಾಸ ಇರುವವರು ಇನ್ನೊಂದಕ್ಕೆ ಬಂದು ಮೊದಲ ಸೀಸನ್ ಪೂರ್ತಿ ತಡಕಾಡುವುದನ್ನು ನಾನು ತುಂಬಾ ನೋಡಿದ್ದೇನೆ. ನಾನೂ ಹಾಗೇ ತಡಕಾಡಿದವನು. ಕಾರಣ ಇಂಜಿನ್ನಿನ ಒಳಗಿದೆ. ಬೇಸ್‌ಬಾಲ್ ಅನ್ನು ತುಂಡು ತುಂಡಾಗಿ ಬಿಡಿಸಿ ಎಣಿಸಬಹುದು. ಫುಟ್‌ಬಾಲ್ ಅನ್ನು ಹಾಗೆ ಬಿಡಿಸಲು ಆಗುವುದಿಲ್ಲ. ಈ ಒಂದು ವ್ಯತ್ಯಾಸ ಅರ್ಥವಾದರೆ ತರಬೇತಿ, ದುಡ್ಡು, ತಾಳ್ಮೆ, ಎಲ್ಲದರ ವ್ಯತ್ಯಾಸವೂ ಅದರ ಹಿಂದೆಯೇ ಬರುತ್ತದೆ.

ಇತಿಹಾಸವೇ ಇದಕ್ಕೆ ಸಾಕ್ಷಿ. ಬೇಸ್‌ಬಾಲ್ ಮ್ಯಾನೇಜರ್ ಆಟಕ್ಕೆ ಕಂಪ್ಯೂಟರೇ ಬೇಕಾಗಿರಲಿಲ್ಲ. ಅಮೆರಿಕದಲ್ಲಿ 1951ರಲ್ಲೇ ಎಪಿಬಿಎ ಅನ್ನುವ ಆಟ ಮಾರಾಟಕ್ಕೆ ಬಂತು, 1961ರಲ್ಲಿ ಹ್ಯಾಲ್ ರಿಚ್‌ಮನ್ ಅವರ ಸ್ಟ್ರಾಟ್-ಓ-ಮ್ಯಾಟಿಕ್ ಬಂತು. ಒಬ್ಬೊಬ್ಬ ನಿಜ ಆಟಗಾರನಿಗೂ ಒಂದೊಂದು ಕಾರ್ಡು, ಜೊತೆಗೆ ದಾಳಗಳು. ಸ್ಟ್ರಾಟ್-ಓ-ಮ್ಯಾಟಿಕ್‌ನಲ್ಲಿ ಮೂರು ದಾಳ. ಒಂದು ದಾಳ 1ರಿಂದ 3 ಬಿದ್ದರೆ ಬ್ಯಾಟರ್‌ನ ಕಾರ್ಡು ನೋಡಬೇಕು, 4ರಿಂದ 6 ಬಿದ್ದರೆ ಪಿಚರ್‌ನ ಕಾರ್ಡು. ಉಳಿದ ಎರಡು ದಾಳಗಳ ಮೊತ್ತ ಏನಾಯಿತು ಅಂತ ಹೇಳುತ್ತದೆ: ಔಟಾ, ವಾಕಾ (ನಾಲ್ಕು ಕೆಟ್ಟ ಎಸೆತ ಬಂದರೆ ಬ್ಯಾಟರ್‌ಗೆ ಹೊಡೆಯದೆಯೇ ಸಿಗುವ ಮೊದಲ ಬೇಸ್), ಹೋಮ್ ರನ್ನಾ (ಕ್ರಿಕೆಟ್‌ನ ಸಿಕ್ಸರ್ ಹಾಗೆ ಮೈದಾನದಾಚೆ ಹೋಗುವ ಹೊಡೆತ). ಎಷ್ಟು ಸರಳ ನೋಡಿ. ಹೊಡೆಯುವವನ ಸಾಮರ್ಥ್ಯಕ್ಕೆ ಅರ್ಧ ಪಾಲು, ಎಸೆಯುವವನ ಸಾಮರ್ಥ್ಯಕ್ಕೆ ಅರ್ಧ ಪಾಲು. ಇಡೀ ಸೀಸನ್ ಆಡಿಸಿದರೆ ಆ ಕಾರ್ಡಿನ ಆಟಗಾರ ನಿಜ ಜೀವನದಲ್ಲಿ ಮಾಡಿದ್ದಕ್ಕೆ ಹತ್ತಿರದ ಅಂಕಿಗಳೇ ಬರುತ್ತವೆ.

ಫುಟ್‌ಬಾಲ್‌ನಲ್ಲಿ ಇಂಥ ಆಟ ಗಟ್ಟಿಯಾಗಿ ನೆಲೆ ಊರಿದ್ದು ಮನೆಗೆ ಕಂಪ್ಯೂಟರ್ ಬಂದ ಮೇಲೆ. ಬ್ರಿಟನ್‌ನಲ್ಲಿ 1982ರಲ್ಲಿ ಕೆವಿನ್ ಟಾಮ್ಸ್ ಅವರ ಫುಟ್‌ಬಾಲ್ ಮ್ಯಾನೇಜರ್ ಬಂತು, 1992ರಲ್ಲಿ ಕಾಲಿಯರ್ ಸಹೋದರರ ಚಾಂಪಿಯನ್‌ಶಿಪ್ ಮ್ಯಾನೇಜರ್. ಇವತ್ತು ಎಲ್ಲರೂ ಫುಟ್‌ಬಾಲ್ ಮ್ಯಾನೇಜರ್ ಅಂತ ಕರೆಯುವ ಸರಣಿ ಆ ಎರಡನೆಯದರ ಮುಂದುವರಿಕೆ, ಹೆಸರು ಮಾತ್ರ ಮೊದಲನೆಯದರ ಹಾಗಿದೆ. ಆನ್‌ಲೈನ್ ಅಂತ ನೋಡಿದರೆ 1997ರಲ್ಲಿ ಸ್ವೀಡನ್‌ನಲ್ಲಿ ಹುಟ್ಟಿದ ಹ್ಯಾಟ್ರಿಕ್ ಹಿರಿಯಣ್ಣ. ಬ್ರೌಸರ್‌ನಲ್ಲೇ ಆಡುವ ಆಟ, ಹೆಚ್ಚುಕಮ್ಮಿ ಬರೀ ಅಕ್ಷರ ಮತ್ತು ಅಂಕಿ. 2001ರಲ್ಲಿ ನೆದರ್ಲೆಂಡ್ಸ್‌ನಿಂದ ಆನ್‌ಲೈನ್ ಸಾಕರ್ ಮ್ಯಾನೇಜರ್, 2010ರಲ್ಲಿ ಸರ್ಬಿಯಾದಿಂದ ಟಾಪ್ ಇಲೆವೆನ್ ಬಂದವು. ಬೇಸ್‌ಬಾಲ್ ಕಡೆ 1999ರಲ್ಲಿ ಶುರುವಾದ ಔಟ್ ಆಫ್ ದಿ ಪಾರ್ಕ್ ಈಗಲೂ ದೊಡ್ಡ ಹೆಸರು. ಅದನ್ನು ಕಟ್ಟಿದವರು ಮಾರ್ಕಸ್ ಹೈನ್‌ಸೋನ್, ಅವರು ಜರ್ಮನಿಯವರು. ಫುಟ್‌ಬಾಲ್ ಉಸಿರಾಡುವ ದೇಶದ ಒಬ್ಬರು ಬೇಸ್‌ಬಾಲ್‌ನ ಒಳ್ಳೆಯ ಇಂಜಿನ್ ಬರೆದರು ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಆ ಆಟವನ್ನು ಅಂಕಿಗಳ ಮೂಲಕವೇ ಪೂರ್ತಿ ಹಿಡಿಯಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಸರಿ, ಮೊದಲು ಬೇಸ್‌ಬಾಲ್ ಇಂಜಿನ್ ಒಳಗೆ ಹೋಗೋಣ. ಕ್ರಿಕೆಟ್ ಗೊತ್ತಿದ್ದವರಿಗೆ ಇದು ಸುಲಭ. ಒಬ್ಬ ಎಸೆಯುತ್ತಾನೆ, ಒಬ್ಬ ಹೊಡೆಯುತ್ತಾನೆ, ಆ ಜಗಳ ಮುಗಿದ ಮೇಲೆ ಇನ್ನೊಂದು ಜಗಳ. ಒಂದು ಪಂದ್ಯಕ್ಕೆ 9 ಇನಿಂಗ್ಸ್, ಪ್ರತಿ ಇನಿಂಗ್ಸ್‌ನಲ್ಲಿ ಒಂದು ತಂಡಕ್ಕೆ 3 ಔಟ್. ಒಟ್ಟು 27 ಔಟ್ ಆಗುವಷ್ಟರಲ್ಲಿ ಒಂದು ತಂಡದ ಬ್ಯಾಟರ್‌ಗಳು ಹೆಚ್ಚುಕಮ್ಮಿ 38 ಸಲ ಕ್ರೀಸಿಗೆ ಬಂದಿರುತ್ತಾರೆ. ಇಂಜಿನ್ ಮಾಡುವುದು ಇಷ್ಟೇ: ಈ ಬ್ಯಾಟರ್, ಈ ಪಿಚರ್, ಈ ಮೈದಾನ, ಈಗ ಏನಾಗುವ ಸಾಧ್ಯತೆ ಎಷ್ಟು?

ಒಂದು ಲೆಕ್ಕ ಮಾಡಿ ನೋಡೋಣ. ನಿಮ್ಮ ಬ್ಯಾಟರ್ 100 ಸಲ ಬಂದರೆ 36 ಸಲ ಬೇಸ್ ಮುಟ್ಟುತ್ತಾನೆ, ಅಂದರೆ ರನ್ನಿಗಾಗಿ ಸುತ್ತಬೇಕಾದ ಗುರುತುಗಳಲ್ಲಿ ಒಂದನ್ನಾದರೂ ಔಟಾಗದೆ ತಲುಪುತ್ತಾನೆ. ಎದುರಿನ ಪಿಚರ್ ಒಳ್ಳೆಯವನು, ಅವನ ಎದುರು 100ಕ್ಕೆ 30 ಮಂದಿ ಮಾತ್ರ ಬೇಸ್ ಮುಟ್ಟುತ್ತಾರೆ. ಇಡೀ ಲೀಗಿನ ಸರಾಸರಿ 32. ಇವರಿಬ್ಬರೂ ಎದುರಾದರೆ? 36 ಮತ್ತು 30ರ ನಡುವೆ 33 ಅಂತ ಹೇಳಿಬಿಡಲು ಮನಸ್ಸಾಗುತ್ತದೆ. ಅದು ತಪ್ಪು. ಬ್ಯಾಟರ್ ಲೀಗಿಗಿಂತ 4 ಮೇಲಿದ್ದಾನೆ, ಪಿಚರ್ 2 ಕೆಳಗೆ ಎಳೆಯುತ್ತಾನೆ, ಉಳಿದದ್ದು 2, ಹಾಗಾಗಿ ಉತ್ತರ 34ರ ಹತ್ತಿರ. ಬೇಸ್‌ಬಾಲ್ ಅಂಕಿಗಳ ಬಗ್ಗೆ ಬರೆದು ಹೆಸರಾದ ಬಿಲ್ ಜೇಮ್ಸ್ ಅವರ ಲಾಗ್‌5 ಅನ್ನುವ ಸೂತ್ರದ ದಾರಿಯಲ್ಲಿ ಸರಿಯಾಗಿ ಲೆಕ್ಕ ಹಾಕಿದರೆ 33.9 ಬರುತ್ತದೆ. ಲೀಗಿನ ಸರಾಸರಿಯನ್ನು ಲೆಕ್ಕಕ್ಕೆ ತರದೆ ಒಬ್ಬ ಆಟಗಾರನ ಅಂಕಿಗೆ ಅರ್ಥವೇ ಇಲ್ಲ ಅನ್ನುವುದು ಇಲ್ಲಿಯ ಪಾಠ. ಆಟಗಾರನನ್ನು ಕೊಳ್ಳುವಾಗಲೂ ಇದನ್ನೇ ನೆನಪಿಡಬೇಕು. ನಿಮ್ಮ ಲೀಗಿನಲ್ಲಿ ಎಲ್ಲರೂ ಹೋಮ್ ರನ್ ಹೊಡೆಯುತ್ತಿದ್ದರೆ 30 ಹೋಮ್ ರನ್ ಹೊಡೆಯುವವನು ವಿಶೇಷ ಅಲ್ಲ.

ಹೀಗೆ ಪ್ರತಿ ಜಗಳವನ್ನೂ ಬೇರೆಯಾಗಿ ಎಣಿಸಬಹುದಾದ್ದರಿಂದ, ಇಂಜಿನ್ ಸರಿ ಇದೆಯಾ ಅಂತ ಪರೀಕ್ಷೆ ಮಾಡುವುದೂ ಸುಲಭ. ನೂರು ವರ್ಷಕ್ಕೂ ಜಾಸ್ತಿ ಕಾಲದ ದಾಖಲೆ ಇದೆ. ಹಳೆಯ ಒಂದು ಸೀಸನ್ ತೆಗೆದುಕೊಂಡು ಸಾವಿರ ಸಲ ಆಡಿಸಿ, ನಿಜವಾದ ಅಂಕಿಗಳ ಸುತ್ತಮುತ್ತ ಬರುತ್ತಿದೆಯಾ ನೋಡಿ, ಬರದಿದ್ದರೆ ತಿದ್ದಿ. ಬೇಸ್‌ಬಾಲ್ ಇಂಜಿನ್ ಬಗ್ಗೆ ಜಗಳವಾಡುವವರು ಕೊನೆಗೆ ಒಂದು ಅಂಕಿಯ ಮುಂದೆ ಬಂದು ನಿಲ್ಲುತ್ತಾರೆ, ಅಲ್ಲಿಗೆ ಜಗಳ ಮುಗಿಯುತ್ತದೆ.

ಈ ಲೆಕ್ಕದಲ್ಲಿ ಒಂದು ವಿಚಿತ್ರ ಇದೆ, ಇದನ್ನು ತಿಳಿಯದೆ ದುಡ್ಡು ಕಳೆದುಕೊಂಡವರು ಬಹಳ. 2001ರಲ್ಲಿ ವೋರೋಸ್ ಮೆಕ್ರಾಕೆನ್ ಅನ್ನುವ ಬೇಸ್‌ಬಾಲ್ ಅಂಕಿ ವಿಶ್ಲೇಷಕರು ಒಂದು ಮಾತು ಮುಂದಿಟ್ಟರು. ಬ್ಯಾಟಿಗೆ ತಗುಲಿ ಮೈದಾನದೊಳಗೆ ಬಿದ್ದ ಚೆಂಡು ಹಿಟ್ ಆಗುತ್ತದಾ ಔಟ್ ಆಗುತ್ತದಾ ಅನ್ನುವುದರ ಮೇಲೆ ಪಿಚರ್‌ಗೆ ನಾವು ಅಂದುಕೊಂಡಷ್ಟು ಹಿಡಿತ ಇಲ್ಲ ಅಂತ. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟಾಗುವುದು), ವಾಕ್, ಹೋಮ್ ರನ್, ಈ ಮೂರು ಮಾತ್ರ ಬಹುಪಾಲು ಅವನ ಕೈಯಲ್ಲಿವೆ. ಉಳಿದದ್ದರಲ್ಲಿ ಹಿಂದೆ ನಿಂತ ಫೀಲ್ಡರ್‌ಗಳೂ ಅದೃಷ್ಟವೂ ಸೇರಿಕೊಂಡಿವೆ. ಮೊದಲು ಯಾರೂ ನಂಬಲಿಲ್ಲ, ಆಮೇಲೆ ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಎಲ್ಲರೂ ಒಪ್ಪಿದರು. ಔಟ್ ಆಫ್ ದಿ ಪಾರ್ಕ್‌ನಲ್ಲಿ ಪಿಚರ್‌ನ ಮುಖ್ಯ ರೇಟಿಂಗ್‌ಗಳನ್ನು ನೋಡಿ: ಸ್ಟಫ್, ಮೂವ್‌ಮೆಂಟ್, ಕಂಟ್ರೋಲ್. ಮೊದಲನೆಯದು ಸ್ಟ್ರೈಕ್‌ಔಟ್‌ಗೆ, ಎರಡನೆಯದು ಮುಖ್ಯವಾಗಿ ಹೋಮ್ ರನ್ ತಡೆಯಲು, ಮೂರನೆಯದು ವಾಕ್ ಕಡಿಮೆ ಮಾಡಲು. ಅದೇ ಯೋಚನೆ, ರೇಟಿಂಗ್ ರೂಪದಲ್ಲಿ. ಹಾಗಾಗಿ ಒಬ್ಬ ಪಿಚರ್ ಈ ತಿಂಗಳು ಕಡಿಮೆ ರನ್ ಕೊಟ್ಟಿದ್ದಾನೆ ಅಂತ ಕೊಳ್ಳಬೇಡಿ. ಎಷ್ಟು ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ, ಎಷ್ಟು ವಾಕ್ ಕೊಟ್ಟ, ಅದನ್ನು ನೋಡಿ ಕೊಳ್ಳಿ.

ಈಗ ಫುಟ್‌ಬಾಲ್. ಇಲ್ಲಿ 22 ಜನ ಒಂದೇ ಸಮಯಕ್ಕೆ ಓಡುತ್ತಿದ್ದಾರೆ. ನಿಮ್ಮ ರೈಟ್ ಬ್ಯಾಕ್ ಮುಂದಕ್ಕೆ ಹೋದ ಅಂದರೆ ಹಿಂದೆ ಜಾಗ ತೆರೆಯಿತು. ಆ ಜಾಗ ಮುಚ್ಚಲು ಮಿಡ್‌ಫೀಲ್ಡರ್ ಸರಿದ ಅಂದರೆ ನಡುವೆ ಜಾಗ ತೆರೆಯಿತು. ಗೋಲು ಹೊಡೆದವನ ಹೆಸರು ವರದಿಯಲ್ಲಿ ಬರುತ್ತದೆ, ಆದರೆ ಆ ಗೋಲು ಹುಟ್ಟಿದ್ದು ಹತ್ತು ಸೆಕೆಂಡ್ ಮೊದಲು ಚೆಂಡೇ ಮುಟ್ಟದ ಒಬ್ಬನು ಡಿಫೆಂಡರ್‌ನನ್ನು ತನ್ನ ಹಿಂದೆ ಎಳೆದುಕೊಂಡು ಹೋದದ್ದರಿಂದ ಇರಬಹುದು. ಇದನ್ನು ಯಾವ ಕಾರ್ಡಿನ ಮೇಲೆ ಬರೆಯುತ್ತೀರಿ? ದಾಳ ಹಾಕಿ ಹೇಗೆ ತೋರಿಸುತ್ತೀರಿ?

ಆಟ ಬರೆಯುವವರು ಇದಕ್ಕೆ ಎರಡು ದಾರಿ ಹಿಡಿದಿದ್ದಾರೆ.

ಒಂದು ದಾರಿ ಹ್ಯಾಟ್ರಿಕ್‌ನದು. ಮೈದಾನವನ್ನು ತುಂಡು ಮಾಡಿ ಸುಲಭ ಮಾಡಿಕೊಳ್ಳುವುದು. ನಿಮ್ಮ 11 ಆಟಗಾರರ ಸಾಮರ್ಥ್ಯವನ್ನೆಲ್ಲ ಕೂಡಿಸಿ ಅದು 7 ಅಂಕಿ ಮಾಡುತ್ತದೆ: ಒಂದು ಮಿಡ್‌ಫೀಲ್ಡ್, ಎಡ ನಡು ಬಲ ಅಂತ ಮೂರು ಡಿಫೆನ್ಸ್, ಹಾಗೆಯೇ ಮೂರು ಅಟ್ಯಾಕ್. ಮಿಡ್‌ಫೀಲ್ಡ್ ಬಲ ಯಾರದ್ದು ಜಾಸ್ತಿಯೋ ಅವರಿಗೆ ಅವಕಾಶಗಳು ಜಾಸ್ತಿ. ಅವಕಾಶ ಬಂದ ಮೇಲೆ ನಿಮ್ಮ ಬಲಗಡೆಯ ಅಟ್ಯಾಕ್ ಎದುರಾಳಿಯ ಎಡಗಡೆಯ ಡಿಫೆನ್ಸ್ ಜೊತೆ ಸೆಣಸುತ್ತದೆ, ಗೋಲು ಆಗುತ್ತದಾ ಇಲ್ಲವಾ ಅಂತ ತೀರ್ಮಾನವಾಗುತ್ತದೆ. ಚೆಂಡು ಎಲ್ಲೂ ಓಡುವುದೇ ಇಲ್ಲ. ಆದರೂ ಇದರೊಳಗೆ ಒಂದು ನಿಜವಾದ ಯೋಚನೆ ಬಚ್ಚಿಟ್ಟುಕೊಂಡಿದೆ. ಮಿಡ್‌ಫೀಲ್ಡ್ ಬಿಟ್ಟುಕೊಟ್ಟು ಕೌಂಟರ್ ಅಟ್ಯಾಕ್ ಆರಿಸಬಹುದು. ಎದುರಾಳಿಯ ದಾಳಿಗಳು ನಿಮ್ಮ ಗಟ್ಟಿ ಡಿಫೆನ್ಸ್‌ಗೆ ಬಡಿದು ವಾಪಸಾದಾಗಲೆಲ್ಲ ನಿಮಗೆ ಹೆಚ್ಚುವರಿ ಅವಕಾಶ ಸಿಗಬಹುದು. ಮಿಡ್‌ಫೀಲ್ಡ್ ನಿಜವಾಗಿಯೂ ಸೋತಿದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ. ಅರ್ಧಂಬರ್ಧ ಬಿಟ್ಟುಕೊಡಲು ಹೋದವರು ಎರಡೂ ಕಡೆ ಕೆಡುತ್ತಾರೆ.

ಇನ್ನೊಂದು ದಾರಿ ಫುಟ್‌ಬಾಲ್ ಮ್ಯಾನೇಜರ್‌ನದು. ಒಂದೊಂದು ಸೆಕೆಂಡನ್ನೂ ಚೂರು ಮಾಡಿ, 22 ಜನರಲ್ಲಿ ಒಬ್ಬೊಬ್ಬನೂ ಈಗ ಎಲ್ಲಿದ್ದಾನೆ, ಏನು ನೋಡುತ್ತಿದ್ದಾನೆ, ಪಾಸ್ ಕೊಡುತ್ತಾನಾ ಓಡುತ್ತಾನಾ ಅಂತ ತೀರ್ಮಾನ ಮಾಡಿಸುವುದು. ಇಲ್ಲಿ ಚೆಂಡು ನಿಜವಾಗಿ ಓಡುತ್ತದೆ. ಮೇಲಿಂದ ನೋಡುವ 2ಡಿ ಪಂದ್ಯ 2003ರ ಚಾಂಪಿಯನ್‌ಶಿಪ್ ಮ್ಯಾನೇಜರ್ 4ರಲ್ಲಿ ಬಂತು, 3ಡಿ ಬಂದದ್ದು ಫುಟ್‌ಬಾಲ್ ಮ್ಯಾನೇಜರ್ 2009ರಲ್ಲಿ. ನೋಡಲು ಚಂದ, ಆದರೆ ಒಂದು ಕಷ್ಟ ಇದೆ. ರೈಟ್ ಬ್ಯಾಕ್ ಯಾವಾಗ ಮುಂದೆ ಓಡಬೇಕು ಅನ್ನುವುದಕ್ಕೆ ಜಗತ್ತಿನ ಯಾವ ದಾಖಲೆ ಪುಸ್ತಕದಲ್ಲೂ ಸಿದ್ಧ ಉತ್ತರ ಇಲ್ಲ. ಬರೆದವರು ತಮ್ಮ ತಿಳಿವಳಿಕೆಯಿಂದ ನಿಯಮ ಹಾಕಬೇಕು. ಆದ್ದರಿಂದ ಪ್ರತಿ ಫುಟ್‌ಬಾಲ್ ಇಂಜಿನ್ ಕೂಡ ಒಂದು ಅಭಿಪ್ರಾಯ. ಫುಟ್‌ಬಾಲ್ ಹೀಗೆ ನಡೆಯುತ್ತದೆ ಅಂತ ಯಾರೋ ನಂಬಿದ್ದಾರೆ, ಆ ನಂಬಿಕೆಯ ಒಳಗೆ ನೀವು ಆಡುತ್ತಿದ್ದೀರಿ. ಹೊಸ ಆವೃತ್ತಿ ಬಂದಾಗ ಹಳೆಯ ಟ್ಯಾಕ್ಟಿಕ್ಸ್ ಇದ್ದಕ್ಕಿದ್ದಂತೆ ಕೆಲಸ ಮಾಡುವುದು ನಿಲ್ಲಿಸುತ್ತವಲ್ಲ, ಅದಕ್ಕೆ ಕಾರಣ ಇದೇ. ಆಟಗಾರರು ಬದಲಾಗಿಲ್ಲ, ಇಂಜಿನ್ ಬರೆದವರ ಅಭಿಪ್ರಾಯ ಬದಲಾಗಿದೆ.

ನನಗೆ ಯಾವುದು ಇಷ್ಟ ಅಂತ ಕೇಳಿದರೆ, ಬಹಳ ಜನರ ಜೊತೆ ವರ್ಷಗಟ್ಟಲೆ ಆನ್‌ಲೈನ್‌ನಲ್ಲಿ ಆಡಲು ಮೊದಲ ದಾರಿಯೇ ಮೇಲು. ಕಾಣುವುದು ಕಡಿಮೆ, ಆದರೆ ಯಾಕೆ ಸೋತೆ ಅನ್ನುವುದು 7 ಅಂಕಿಗಳಲ್ಲಿ ಕಣ್ಣೆದುರಿಗೇ ಇರುತ್ತದೆ. ಅಲ್ಲಿ ನ್ಯಾಯ ಇದೆ ಅನ್ನಿಸುತ್ತದೆ.

ಅದೃಷ್ಟದ ಮಾತಿಗೆ ಬರೋಣ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಫುಟ್‌ಬಾಲ್‌ನಲ್ಲಿ ಗೋಲು ಬಹಳ ಕಡಿಮೆ. ನಿಮ್ಮ ತಂಡ ಸರಾಸರಿ 1.8 ಗೋಲು ಹೊಡೆಯುವಷ್ಟು ಗಟ್ಟಿ, ಎದುರಾಳಿ 0.9 ಹೊಡೆಯುವಷ್ಟು. ಅಂದರೆ ನೀವು ಅವರ ಎರಡರಷ್ಟು. ಗೋಲುಗಳು ಒಂದಕ್ಕೊಂದು ಸಂಬಂಧ ಇಲ್ಲದೆ ಬೀಳುತ್ತವೆ ಅಂತ ಇಟ್ಟುಕೊಂಡು ಪಾಯ್ಸಾನ್ ಅನ್ನುವ ಸಂಭವನೀಯತೆಯ ಲೆಕ್ಕ ಹಾಕಿದರೆ ನೀವು ಗೆಲ್ಲುವುದು 100ಕ್ಕೆ 59 ಸಲ, ಡ್ರಾ ಸುಮಾರು 23 ಸಲ, ಸೋಲುವುದು 18 ಸಲ. ಎರಡರಷ್ಟು ಗಟ್ಟಿ ಇದ್ದರೂ ಹತ್ತರಲ್ಲಿ ನಾಲ್ಕು ಸಲ ಗೆಲುವು ಕೈಗೆ ಬರುವುದಿಲ್ಲ, ಅಲ್ವಾ? ಹಾಗಾಗಿ ಫುಟ್‌ಬಾಲ್ ಆಟದಲ್ಲಿ ಸ್ಕೋರ್ ನೋಡಿ ತೀರ್ಪು ಕೊಡುವುದು ದೊಡ್ಡ ತಪ್ಪು. ಅವಕಾಶಗಳನ್ನು ನೋಡಬೇಕು. ಎಷ್ಟು ಹುಟ್ಟಿದವು, ಎಲ್ಲಿಂದ ಹುಟ್ಟಿದವು, ಎಷ್ಟು ಬಿಟ್ಟುಕೊಟ್ಟೆವು.

ಬೇಸ್‌ಬಾಲ್‌ನಲ್ಲಿ ಒಂದೊಂದು ಪಂದ್ಯದ ಅದೃಷ್ಟ ಇನ್ನೂ ಜೋರು, ಆದರೆ ಪಂದ್ಯಗಳು ರಾಶಿ ರಾಶಿ. ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ ಸೀಸನ್ ಅಂದರೆ ಒಂದು ತಂಡಕ್ಕೆ 162 ಪಂದ್ಯ. 2001ರಲ್ಲಿ ಸಿಯಾಟಲ್ ಮ್ಯಾರಿನರ್ಸ್ 116 ಗೆದ್ದು ದಾಖಲೆಗೆ ಸೇರಿತು, ಆದರೂ ಆ ತಂಡ 46 ಪಂದ್ಯ ಸೋತಿತ್ತು. 2024ರಲ್ಲಿ ಶಿಕಾಗೊ ವೈಟ್ ಸಾಕ್ಸ್ 121 ಸೋತು ಆಧುನಿಕ ಕಾಲದ ಅತಿ ಕೆಟ್ಟ ದಾಖಲೆ ಬರೆಯಿತು, ಆದರೂ 41 ಗೆದ್ದಿತು. ಅತ್ತ ಫುಟ್‌ಬಾಲ್‌ನಲ್ಲಿ 2003-04ರ ಆರ್ಸೆನಲ್ 38 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ: 26 ಗೆಲುವು, 12 ಡ್ರಾ. ಬೇಸ್‌ಬಾಲ್‌ನಲ್ಲಿ ಅಂಥ ಸೀಸನ್ ಕನಸಲ್ಲೂ ಬರುವುದಿಲ್ಲ. ಹಾಗಾಗಿ ಆಟದಲ್ಲೂ ನಿಮ್ಮ ಬೇಸ್‌ಬಾಲ್ ತಂಡ ಸತತ ಐದು ಸೋತರೆ ಅದು ಸುದ್ದಿಯೇ ಅಲ್ಲ. ನಿಜವಾಗಿ 100ಕ್ಕೆ 55 ಗೆಲ್ಲುವ ಸಾಮರ್ಥ್ಯದ ತಂಡ 162ರಲ್ಲಿ 89ರ ಆಸುಪಾಸು ಗೆಲ್ಲಬೇಕು, ಆದರೆ ಸುಮ್ನೆ ಅದೃಷ್ಟದಿಂದಲೇ ಆ ಕಡೆ ಈ ಕಡೆ ಆರೇಳು ಪಂದ್ಯ ಜಾರುವುದು ಮಾಮೂಲು. 83 ಗೆದ್ದರೂ 95 ಗೆದ್ದರೂ ತಂಡ ಅದೇ.

ನಾನು ಮೊದಲ ಸಲ ಒಂದು ಬೇಸ್‌ಬಾಲ್ ಲೀಗ್ ಸೇರಿದಾಗ ಫುಟ್‌ಬಾಲ್ ಆಟದ ಅಭ್ಯಾಸವೇ ಕೈಯಲ್ಲಿತ್ತು. ಮೊದಲ ತಿಂಗಳು ಸೋತೆವು. ಪ್ರತಿ ಸೋಲಿನ ಮೇಲೂ ಏನಾದರೂ ಬದಲಿಸಿದೆ. ಬ್ಯಾಟಿಂಗ್ ಕ್ರಮ ತಿರುಗಿಸಿದೆ, 25 ದಿನ ಸರಿಯಾಗಿ ಹೊಡೆಯದ ಒಬ್ಬ ಹುಡುಗನನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟೆ. ಅವನ ವಾಕ್ ಚೆನ್ನಾಗಿದ್ದವು, ಸ್ಟ್ರೈಕ್‌ಔಟ್ ಕಡಿಮೆ ಇದ್ದವು, ಹೊಡೆದ ಚೆಂಡು ಮಾತ್ರ ಫೀಲ್ಡರ್‌ಗಳ ಕೈಗೇ ಹೋಗುತ್ತಿತ್ತು. ಅದನ್ನು ನೋಡುವ ಕಣ್ಣು ಆಗ ಇರಲಿಲ್ಲ. ಮುಂದಿನ ನಾಲ್ಕು ಸೀಸನ್ ಅವನು ನಮ್ಮ ಎದುರೇ ಆಡಿದ. ಆ ನೋವಿನಿಂದ ಕಲಿತದ್ದು ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ.

ದಿನದ ಕೆಲಸವೂ ಬೇರೆ ಬೇರೆ. ಫುಟ್‌ಬಾಲ್‌ನಲ್ಲಿ ಎದುರಾಳಿಯನ್ನು ಓದುವುದೇ ಮುಖ್ಯ. ಅವರು ಹೋದ ವಾರ ಯಾವ ಫಾರ್ಮೇಷನ್ ಹಾಕಿದರು, ಯಾವ ಕಡೆಯಿಂದ ದಾಳಿ, ಈ ವಾರ ನನ್ನ ವಿರುದ್ಧ ಏನು ಮಾಡಬಹುದು, ಅವರು ನಾನು ಏನು ಮಾಡುತ್ತೇನೆ ಅಂದುಕೊಂಡಿರಬಹುದು! ಹ್ಯಾಟ್ರಿಕ್‌ನಲ್ಲಿ ಟೀಮ್ ಸ್ಪಿರಿಟ್ ಅಂತ ಒಂದಿದೆ. ಒಂದು ಪಂದ್ಯಕ್ಕೆ ಇಡೀ ಸೀಸನ್‌ನ ಪಂದ್ಯ ಇದು ಅಂತ ಆಟಗಾರರಿಗೆ ಹೇಳಿ ಮಿಡ್‌ಫೀಲ್ಡ್ ಬಲ ಏರಿಸಬಹುದು, ಆದರೆ ಆಮೇಲೆ ಸ್ಪಿರಿಟ್ ಸುಮಾರು ಅರ್ಧಕ್ಕೆ ಕುಸಿಯುತ್ತದೆ. ಆರಾಮಾಗಿ ಆಡಿ ಅಂತ ಹೇಳಿದರೆ ಇವತ್ತು ಮಿಡ್‌ಫೀಲ್ಡ್ ಸೊರಗುತ್ತದೆ, ಮುಂದಿನ ದಿನಗಳಿಗೆ ಸ್ಪಿರಿಟ್ ಕೂಡಿಡುತ್ತದೆ. ಲೀಗಿನಲ್ಲಿ 8 ತಂಡ, ಸೀಸನ್‌ಗೆ 14 ಲೀಗ್ ಪಂದ್ಯ ಅಷ್ಟೆ. ಯಾವ ಪಂದ್ಯಕ್ಕೆ ಶಕ್ತಿ ಖರ್ಚು ಮಾಡಬೇಕು ಅನ್ನುವುದೇ ಅರ್ಧ ಆಟ. ಎದುರು ಕೂತವನೂ ಇದೇ ಲೆಕ್ಕ ಹಾಕುತ್ತಿರುತ್ತಾನೆ ಅನ್ನುವುದರಿಂದಲೇ ಇದಕ್ಕೆ ರುಚಿ.

ಬೇಸ್‌ಬಾಲ್‌ನಲ್ಲಿ ಎದುರಾಳಿಗಿಂತ ಕ್ಯಾಲೆಂಡರ್ ಮುಖ್ಯ. ಹೆಚ್ಚುಕಮ್ಮಿ ದಿನಾ ಪಂದ್ಯ. ಒಬ್ಬ ಸ್ಟಾರ್ಟಿಂಗ್ ಪಿಚರ್ ಇವತ್ತು ಎಸೆದರೆ ನಾಲ್ಕು ದಿನ ವಿಶ್ರಾಂತಿ ಬೇಕು, ಹಾಗಾಗಿ ಐದು ಜನರ ಸರದಿ. ನಡುವೆ ಬರುವ ರಿಲೀವರ್‌ಗಳನ್ನು ಸತತ ಮೂರು ದಿನ ಬಳಸಿದರೆ ದಣಿದು ಕೈಕೊಡುತ್ತಾರೆ. ಎಡಗೈ ಬ್ಯಾಟರ್‌ಗಳು ಸಾಮಾನ್ಯವಾಗಿ ಬಲಗೈ ಪಿಚರ್ ಎದುರು ಚೆನ್ನಾಗಿ ಹೊಡೆಯುತ್ತಾರೆ, ಬಲಗೈಯವರು ಎಡಗೈ ಪಿಚರ್ ಎದುರು. ಆದ್ದರಿಂದ ಎರಡು ಬೇರೆ ಬೇರೆ ಬ್ಯಾಟಿಂಗ್ ಪಟ್ಟಿ ಮಾಡಿ ಇಡಬೇಕು. ಒಂದು ಸಲ ಚೆನ್ನಾಗಿ ಮಾಡಿ ಇಟ್ಟರೆ ವಾರಗಟ್ಟಲೆ ಮುಟ್ಟುವ ಅಗತ್ಯ ಇಲ್ಲ. ಯಾರು ಮೂರನೆಯವನು, ಯಾರು ಐದನೆಯವನು ಅಂತ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ ಕೆಲವರು. ಅದರಿಂದ ಆಗುವ ವ್ಯತ್ಯಾಸ ಇಡೀ ಸೀಸನ್‌ನಲ್ಲಿ ಬಹಳ ಸಣ್ಣದು. ಸರಿಯಾದ ಒಂಬತ್ತು ಮಂದಿಯನ್ನು ಆರಿಸುವುದರ ಮುಂದೆ ಅವರ ಕ್ರಮ ಏನೂ ಅಲ್ಲ.

ದುಡ್ಡಿನ ವಿಷಯದಲ್ಲಿ ಎರಡೂ ಆಟಗಳು ತಮ್ಮ ತಮ್ಮ ನಿಜ ಜಗತ್ತನ್ನೇ ಅನುಸರಿಸುತ್ತವೆ. ಫುಟ್‌ಬಾಲ್ ಅಂದರೆ ಮೆಟ್ಟಿಲು. ಕೆಳಗಿನ ಡಿವಿಷನ್‌ನಲ್ಲಿ ಶುರು ಮಾಡಿ, ಗೆದ್ದರೆ ಮೇಲೆ, ಸೋತರೆ ಕೆಳಗೆ. ಆಟಗಾರರನ್ನು ದುಡ್ಡು ಕೊಟ್ಟು ಕೊಳ್ಳುತ್ತೀರಿ. ಹ್ಯಾಟ್ರಿಕ್‌ನಲ್ಲಿ ಮಾರಾಟಕ್ಕಿಟ್ಟ ಆಟಗಾರ 3 ದಿನ ಹರಾಜಿನಲ್ಲಿರುತ್ತಾನೆ, ಜಗತ್ತಿನ ಯಾವ ಮೂಲೆಯ ಮ್ಯಾನೇಜರ್ ಬೇಕಾದರೂ ಬೆಲೆ ಕೂಗಬಹುದು. ಕೊನೆಯ ನಿಮಿಷಗಳ ಆ ಎದೆಬಡಿತ ಪಂದ್ಯಕ್ಕಿಂತ ಜಾಸ್ತಿ ಅನ್ನುವವರಿದ್ದಾರೆ. ಆದ್ದರಿಂದ ಅಲ್ಲಿ ಒಳ್ಳೆಯ ಮ್ಯಾನೇಜರ್ ಅಂದರೆ ಅರ್ಧ ವ್ಯಾಪಾರಿ. ಒಂದು ವಾರಕ್ಕೆ ಒಂದೇ ಬಗೆಯ ತರಬೇತಿ ಆರಿಸಬಹುದು, ಹಾಗಾಗಿ ಎಲ್ಲರೂ ಒಂದೊಂದು ಬಗೆಯ ಆಟಗಾರರನ್ನು ಬೆಳೆಸಿ ಮಾರಿ, ಬೇಕಾದ ಬೇರೆ ಬಗೆಯವರನ್ನು ಕೊಳ್ಳುತ್ತಾರೆ. 17 ವರ್ಷದ ಹುಡುಗನನ್ನು ಕೊಂಡು ಮಿಡ್‌ಫೀಲ್ಡರ್ ಆಗಿ ಬೆಳೆಸಿ ಮಾರುವುದು ಅಲ್ಲಿಯ ಹಳೆಯ, ಇವತ್ತಿಗೂ ಓಡುವ ದಾರಿ.

ಬೇಸ್‌ಬಾಲ್ ಮುಚ್ಚಿದ ಮನೆ. ಇಷ್ಟೇ ತಂಡ, ಮೇಲೂ ಇಲ್ಲ ಕೆಳಗೂ ಇಲ್ಲ. ಆಟಗಾರನಿಗೆ ಆಟಗಾರನನ್ನು ಕೊಟ್ಟು ತೆಗೆದುಕೊಳ್ಳುವ ಟ್ರೇಡ್, ಪ್ರತಿ ವರ್ಷ ಹೊಸ ಹುಡುಗರನ್ನು ಸರದಿಯಲ್ಲಿ ಆರಿಸುವ ಡ್ರಾಫ್ಟ್. ಮೇಜರ್ ಲೀಗ್ ನಿಯಮವನ್ನೇ ಹಿಡಿದ ಲೀಗ್ ಆದರೆ ಆಟಗಾರ 6 ವರ್ಷದ ಸೇವೆ ಮುಗಿಸುವವರೆಗೆ ನಿಮ್ಮ ಹಿಡಿತದಲ್ಲೇ ಇರುತ್ತಾನೆ, ಸಾಮಾನ್ಯವಾಗಿ ಮೊದಲ 3 ವರ್ಷ ಬಹಳ ಕಡಿಮೆ ಸಂಬಳಕ್ಕೆ. ಇದರಿಂದ ಇಡೀ ಯೋಜನೆ ಬದಲಾಗುತ್ತದೆ. ಅಗ್ಗದ ಎಳೆಯ ಆಟಗಾರರು ಐದಾರು ಮಂದಿ ಒಟ್ಟಿಗೆ ಹದಕ್ಕೆ ಬರುವ ಎರಡು ಮೂರು ವರ್ಷ ನಿಮ್ಮದು, ಆಗ ಗೆಲ್ಲಬೇಕು. ಸೋತ ತಂಡಕ್ಕೆ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಸಿಗುವುದರಿಂದ ಬೇಕೆಂದೇ ಸೋಲುವ ಕೆಟ್ಟ ಆಸೆಯೂ ಹುಟ್ಟುತ್ತದೆ. ನಿಜವಾದ ಮೇಜರ್ ಲೀಗೇ ಇದನ್ನು ತಡೆಯಲು 2023ರ ಡ್ರಾಫ್ಟ್‌ನಿಂದ ಮೊದಲ ಕೆಲವು ಆಯ್ಕೆಗಳಿಗೆ ಲಾಟರಿ ತಂದಿತು. ಆನ್‌ಲೈನ್ ಲೀಗ್ ಸೇರುವ ಮೊದಲು ಇದಕ್ಕೆ ಅಲ್ಲಿ ಏನು ನಿಯಮ ಇದೆ ಅಂತ ಕೇಳಿಕೊಳ್ಳಿ. ನಿಯಮ ಇಲ್ಲದ ಕಡೆ ಅರ್ಧ ಲೀಗು ಆಡುವುದನ್ನೇ ಬಿಟ್ಟಿರುತ್ತದೆ.

ಟ್ರೇಡ್ ಅಂದರೆ ಮಾತುಕತೆ. ಹರಾಜಿನಲ್ಲಿ ಎದುರಿಗಿರುವವರು ಯಾರು ಅಂತ ಗೊತ್ತಿಲ್ಲದೆಯೂ ವ್ಯವಹಾರ ಮುಗಿಯುತ್ತದೆ. ಟ್ರೇಡ್‌ನಲ್ಲಿ ಹಾಗಲ್ಲ. ನಿಮ್ಮ ಹುಡುಗ ನನಗೆ ಯಾಕೆ ಬೇಕು, ನಮ್ಮವನು ನಿಮಗೆ ಯಾಕೆ ಒಳ್ಳೆಯದು ಅಂತ ವಾರಗಟ್ಟಲೆ ಬರೆದುಕೊಳ್ಳಬೇಕು. ಒಂದು ಸಲ ಮೋಸ ಮಾಡಿದರೆ ಮುಂದಿನ ಹತ್ತು ಸೀಸನ್ ಯಾರೂ ಬಾಗಿಲು ತೆರೆಯುವುದಿಲ್ಲ. ಹಾಗಾಗಿ ಬೇಸ್‌ಬಾಲ್ ಲೀಗ್‌ಗಳಲ್ಲಿ ಸ್ನೇಹ ಗಟ್ಟಿ. ಔಟ್ ಆಫ್ ದಿ ಪಾರ್ಕ್ ಲೀಗ್ ನಡೆಯುವ ಬಗೆಯೂ ಅದಕ್ಕೆ ಕಾರಣ. ಒಬ್ಬರು ಕಮಿಷನರ್ ಇರುತ್ತಾರೆ. ಪ್ರತಿಯೊಬ್ಬರೂ ತಮ್ಮ ತಂಡದ ಫೈಲನ್ನು ಗಡುವಿನೊಳಗೆ ಕಳಿಸಬೇಕು, ಕಮಿಷನರ್ ಎಲ್ಲವನ್ನೂ ಸೇರಿಸಿ ಆಟದೊಳಗಿನ ಒಂದು ವಾರವನ್ನೋ ಕೆಲವು ದಿನಗಳನ್ನೋ ಒಟ್ಟಿಗೆ ಆಡಿಸಿ ಹೊಸ ಫೈಲು ಹಂಚುತ್ತಾರೆ. ಕಮಿಷನರ್‌ಗೆ ಆಸಕ್ತಿ ಹೋದರೆ ಲೀಗೇ ಹೋಯಿತು. ಒಳ್ಳೆಯ ಲೀಗ್ ಅಂದರೆ ಒಳ್ಳೆಯ ಕಮಿಷನರ್, ಇದರಲ್ಲಿ ಎರಡು ಮಾತಿಲ್ಲ.

ಕಾಲದ ನಡಿಗೆಯನ್ನೂ ನೋಡಿಕೊಳ್ಳಬೇಕು. ಹ್ಯಾಟ್ರಿಕ್‌ನಲ್ಲಿ ಒಂದು ಸೀಸನ್ 16 ವಾರ, ಆಟಗಾರನ ಒಂದು ವಯಸ್ಸು 112 ದಿನ. ಹದಿನೇಳರ ಹುಡುಗ ಇಪ್ಪತ್ತೈದಾಗುವಷ್ಟರಲ್ಲಿ ನಿಮ್ಮ ಜೀವನದಲ್ಲಿ ಎರಡೂವರೆ ವರ್ಷ ಕಳೆದಿರುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ವರ್ಷಗಟ್ಟಲೆ. ಟಾಪ್ ಇಲೆವೆನ್‌ನಲ್ಲಿ ಸೀಸನ್ 28 ದಿನದಲ್ಲಿ ಮುಗಿಯುತ್ತದೆ, ಫೋನಿನಲ್ಲಿ ಪದೇ ಪದೇ ನೋಡುತ್ತಿರಬೇಕು. ನಿಜ ದುಡ್ಡು ಕೊಟ್ಟು ಟೋಕನ್ ಕೊಂಡವರಿಗೆ ಅಲ್ಲಿ ಅನುಕೂಲ ಇದೆ. ಹ್ಯಾಟ್ರಿಕ್‌ನಲ್ಲಿ ಹಣ ಕೊಟ್ಟ ಸಪೋರ್ಟರ್‌ಗಳಿಗೆ ಹೆಚ್ಚಿನ ಸೌಲಭ್ಯ ಸಿಗುತ್ತದೆ, ಪಂದ್ಯದಲ್ಲಿ ಬಲ ಸಿಗುವುದಿಲ್ಲ. ಈ ವ್ಯತ್ಯಾಸ ನನಗೆ ಬಹಳ ಮುಖ್ಯ. ಬೇಸ್‌ಬಾಲ್ ಕಡೆಯೂ ಔಟ್ ಆಫ್ ದಿ ಪಾರ್ಕ್ ಒಳಗೆ ಪರ್ಫೆಕ್ಟ್ ಟೀಮ್ ಅಂತ ಕಾರ್ಡು ಕೂಡಿಸುವ ಆಟ ಇದೆ. ಕಾರ್ಡಿನ ಪ್ಯಾಕ್‌ಗಳನ್ನು ಆಡಿಯೂ ಗಳಿಸಬಹುದು, ದುಡ್ಡು ಕೊಟ್ಟೂ ಕೊಳ್ಳಬಹುದು. ಮೊದಲ ಸಲ ಬರುವವರು ಅದನ್ನು ಬಿಟ್ಟು ಮಾಮೂಲಿ ಲೀಗಿನಿಂದ ಶುರು ಮಾಡುವುದು ಒಳ್ಳೆಯದು.

ಇನ್ನು ಶುರು ಮಾಡುವವರಿಗೆ. ಫುಟ್‌ಬಾಲ್ ಆಟ ಆರಿಸಿದರೆ ಮೊದಲ ದಿನವೇ ಒಂದು ತರಬೇತಿ ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ, ದುಬಾರಿ ಸ್ಟ್ರೈಕರ್ ಕೊಳ್ಳುವ ಆಸೆ ಬಿಡಿ, ಮೊದಲು ಮಿಡ್‌ಫೀಲ್ಡ್ ಕಟ್ಟಿ. ಪ್ರತಿ ಪಂದ್ಯದ ಮೇಲೂ ಸ್ಕೋರ್ ಮುಚ್ಚಿಟ್ಟು ಎರಡೂ ತಂಡಗಳ ರೇಟಿಂಗ್ ಮತ್ತು ಅವಕಾಶಗಳನ್ನು ಮಾತ್ರ ಓದಿ, ಯಾರು ಗೆಲ್ಲಬೇಕಿತ್ತು ಅಂತ ಊಹಿಸಿ, ಆಮೇಲೆ ಸ್ಕೋರ್ ನೋಡಿ. ಒಂದು ಸೀಸನ್ ಹೀಗೆ ಮಾಡಿದರೆ ಇಂಜಿನ್ ಹೇಗೆ ಯೋಚಿಸುತ್ತದೆ ಅನ್ನುವುದು ಕೈಗೆ ಬರುತ್ತದೆ.

ಬೇಸ್‌ಬಾಲ್ ಆರಿಸಿದರೆ ಪಿಚರ್‌ಗಳ ಸರದಿ ಮತ್ತು ಎರಡು ಬ್ಯಾಟಿಂಗ್ ಪಟ್ಟಿ ಮಾಡಿ, ಗಾಯ ಆದರೆ ಬಿಟ್ಟು ಬೇರೆ ಏನನ್ನೂ 40 ಪಂದ್ಯದವರೆಗೆ ಮುಟ್ಟಬೇಡಿ. 40 ಆದ ಮೇಲೆ ತಂಡ ಹೊಡೆದ ರನ್, ಬಿಟ್ಟುಕೊಟ್ಟ ರನ್, ಎರಡನ್ನೂ ಬರೆದುಕೊಳ್ಳಿ. ಹೊಡೆದದ್ದರ ವರ್ಗವನ್ನು ಎರಡರ ವರ್ಗಗಳ ಮೊತ್ತದಿಂದ ಭಾಗಿಸಿದರೆ ನಿಮ್ಮ ತಂಡ ಎಷ್ಟು ಪಾಲು ಗೆಲ್ಲಬೇಕಿತ್ತು ಅನ್ನುವ ಅಂದಾಜು ಸಿಗುತ್ತದೆ. ಇದೂ ಬಿಲ್ ಜೇಮ್ಸ್ ಅವರದ್ದೇ ಲೆಕ್ಕ. 180 ಹೊಡೆದು 180 ಬಿಟ್ಟುಕೊಟ್ಟಿದ್ದರೆ ಉತ್ತರ ಅರ್ಧ, ಅಂದರೆ 20 ಗೆಲುವು. ಪಟ್ಟಿಯಲ್ಲಿ 17 ಗೆಲುವು 23 ಸೋಲು ಅಂತ ಇದ್ದರೆ ಯಾರನ್ನೂ ಮಾರಬೇಡಿ, ನಿಮ್ಮದು ಸಮಬಲದ ತಂಡವೇ. 150 ಹೊಡೆದು 200 ಬಿಟ್ಟುಕೊಟ್ಟಿದ್ದರೆ ಉತ್ತರ 0.36, ಅಂದರೆ 40ಕ್ಕೆ 14 ಗೆಲುವು. ಆಗ ಪಿಚರ್‌ಗಳ ಪುಟ ತೆರೆದು, ಯಾರು ವಾಕ್ ಜಾಸ್ತಿ ಕೊಡುತ್ತಿದ್ದಾರೆ ಅಂತ ಮೇಲಿನಿಂದ ಕೆಳಗೆ ಓದಲು ಶುರು ಮಾಡಿ.